ನಾನು ಬಿಟ್ಟ ಹತ್ತೊಂಬತ್ತು ಸ್ಟ್ರೈಕ್‌ಔಟ್

ಕಳೆದ ಬೇಸಿಗೆಯಲ್ಲಿ ನಾನು ಒಬ್ಬ ಮನುಷ್ಯನ ಹತ್ತೊಂಬತ್ತು ಸ್ಟ್ರೈಕ್‌ಔಟ್‌ಗಳನ್ನು ನುಂಗಿ ಹಾಕಿದೆ. ಬೇಕೆಂದು ಮಾಡಿದ್ದಲ್ಲ. ಆದರೆ ಅದರಿಂದ ತಂಡದಲ್ಲಿ ಅವನ ಜಾಗ ಹೋದದ್ದು ನಿಜ. ತಪ್ಪು ಗೊತ್ತಾದಾಗ ಸರಿಪಡಿಸಲು ಉಳಿದಿದ್ದದ್ದು ಎರಡೇ ವಾರ.

ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ನನ್ನ ಹೊಟ್ಟೆಪಾಡು ಕಾರಿನ ಬ್ರೇಕ್ ಪರೀಕ್ಷೆಯ ದಾಖಲೆಗಳ ತಪಾಸಣೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿದರೆ ಸಂಬಳ. ವಾರದ ಕೊನೆಯಲ್ಲಿ ಮಾತ್ರ ಊರಾಚೆಯ ಒಂದು ಸಣ್ಣ ಬೇಸ್‌ಬಾಲ್ ಕ್ಲಬ್ಬಿನ ಸ್ಕೋರರ್. ಈ ಕೆಲಸ ನನ್ನ ತಲೆಗೆ ಬಿದ್ದದ್ದು ಒಂದು ಕೇಕಿನಿಂದ. ಮಗಳು ಆ ಕ್ಲಬ್ಬಿಗೆ ಸೇರಿದಾಗ, ಮನೆಯವರೂ ವರ್ಷಕ್ಕೆ ಇಷ್ಟು ಗಂಟೆ ದುಡಿಯಬೇಕು ಎಂಬ ನಿಯಮವಿತ್ತು. ಉಳಿದ ತಾಯಂದಿರು ಕೇಕು ಮಾಡಿ ತರುತ್ತಿದ್ದರು. ನಾನು ಮಾಡಿದ್ದು ಸಂಜೆಯವರೆಗೆ ತಟ್ಟೆಯಲ್ಲಿ ಹಾಗೇ ಕೂತಿತ್ತು, ನೊಣ ಕೂಡ ಹತ್ತಿರ ಸುಳಿಯಲಿಲ್ಲ. ಸ್ಕೋರ್ ಬರೆಯಲು ಬರುತ್ತದೆ ಎಂದು ಹೇಳಿಬಿಟ್ಟೆ. ಧಾರವಾಡದಲ್ಲಿ ಅಣ್ಣನ ಕ್ರಿಕೆಟ್ ತಂಡಕ್ಕೆ ಐದು ವರ್ಷ ಸ್ಕೋರ್ ಬರೆದವಳು ನಾನು. ಎರಡು ದಿನದ ತರಗತಿ, ಜರ್ಮನ್‌ನಲ್ಲಿ ಒಂದು ಪರೀಕ್ಷೆ, ಕೈಗೊಂದು ಲೈಸೆನ್ಸ್. ಮಗಳು ಓದಲು ಡ್ರೆಸ್ಡೆನ್‌ಗೆ ಹೋಗಿ ಬ್ಯಾಟನ್ನೇ ಮರೆತಳು. ನಾನು ಉಳಿದುಕೊಂಡೆ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಪಿಚರ್ ಎಸೆಯುತ್ತಾನೆ, ಬ್ಯಾಟರ್ ಹೊಡೆಯಬೇಕು, ಬ್ಯಾಟರ್‌ನ ಹಿಂದೆ ಕ್ಯಾಚರ್ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ಹೊಡೆದವನು ಮೂರು ಬೇಸ್‌ಗಳನ್ನು ಒಂದೊಂದಾಗಿ ಮುಟ್ಟಿ ಹೊರಟ ಜಾಗಕ್ಕೆ, ಅಂದರೆ ಮನೆಗೆ, ಮರಳಿದರೆ ಒಂದು ರನ್. ಬೀಸಿ ತಪ್ಪಿದರೆ, ಅಥವಾ ಹೊಡೆಯಬಹುದಾದ ಎಸೆತವನ್ನು ಸುಮ್ಮನೆ ಬಿಟ್ಟರೆ, ಒಂದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಕಥೆ ಮುಗಿಯಿತು. ಅದೇ ಸ್ಟ್ರೈಕ್‌ಔಟ್, ಹಾಳೆಯಲ್ಲಿ 'ಕೆ' ಎಂದು ಬರೆಯುತ್ತೇವೆ. ಮೂವರು ಔಟಾದರೆ ತಂಡದ ಸರದಿ ಮುಗಿಯುತ್ತದೆ. ಇದರಲ್ಲಿ ಒಂದು ಸಣ್ಣ ಕಿಂಡಿ ಇದೆ. ಮೂರನೇ ಸ್ಟ್ರೈಕಿನ ಚೆಂಡು ಕ್ಯಾಚರ್ ಕೈಗೆ ಸಿಗದೆ ಹೋದರೆ, ಮೊದಲ ಬೇಸ್ ಖಾಲಿ ಇದ್ದಾಗ ಅಥವಾ ಆಗಲೇ ಇಬ್ಬರು ಔಟಾಗಿದ್ದಾಗ, ಬ್ಯಾಟರ್ ಓಡಬಹುದು. ಚೆಂಡಿಗಿಂತ ಮೊದಲು ಮೊದಲ ಬೇಸ್ ಮುಟ್ಟಿದರೆ ಬದುಕಿದ.

ನಮ್ಮ ತಂಡದ ಎಡಗೈ ಪಿಚರ್ ಸಿಟಿ ಬಸ್ ಓಡಿಸುವವನು. ನಲವತ್ತರ ಹತ್ತಿರ, ಮಾತು ಕಡಿಮೆ. ಇಪ್ಪತ್ತು ವರ್ಷ ಇದೇ ಕ್ಲಬ್ಬಿಗೆ ಎಸೆದವನು, ಇದು ತನ್ನ ಕೊನೆಯ ಸೀಸನ್ ಎಂದು ವಸಂತದಲ್ಲೇ ಹೇಳಿದ್ದ. ವೇಗವೆಲ್ಲ ಹೋಗಿತ್ತು. ಉಳಿದಿದ್ದದ್ದು ಒಂದು ತಿರುವು ಎಸೆತ: ಮೊಣಕಾಲಿನ ಎತ್ತರಕ್ಕೆ ನೇರವಾಗಿ ಬಂದಂತೆ ಕಂಡು, ಕೊನೆಯಲ್ಲಿ ನೆಲಕ್ಕೆ ಧುಮುಕುತ್ತಿತ್ತು. ಬ್ಯಾಟರ್‌ಗಳು ಗಾಳಿಗೆ ಬೀಸುತ್ತಿದ್ದರು. ನಮ್ಮ ಕ್ಯಾಚರೂ ಗಾಳಿಗೇ ಕೈ ಹಾಕುತ್ತಿದ್ದ. ಚೆಂಡು ಹಿಂದಿನ ಬೇಲಿಗೆ ಹೋಗಿ ಬಡಿಯುತ್ತಿತ್ತು, ಬ್ಯಾಟರ್ ಹಲ್ಲು ಕಿರಿಯುತ್ತ ಮೊದಲ ಬೇಸಿನಲ್ಲಿ ನಿಂತಿರುತ್ತಿದ್ದ.

ಹಾಗಾದಾಗಲೆಲ್ಲ ನಾನು ಹಾಳೆಯಲ್ಲಿ 'ವೈಲ್ಡ್ ಪಿಚ್' ಎಂದು ಬರೆದೆ, ಅಂದರೆ ಪಿಚರ್‌ನ ಕೆಟ್ಟ ಎಸೆತ. 'ಕೆ' ಬರೆಯಲಿಲ್ಲ. ಕೀಪರ್ ಕ್ಯಾಚ್ ಬಿಟ್ಟರೆ ಬೌಲರ್‌ಗೆ ವಿಕೆಟ್ ಯಾರು ಕೊಡುತ್ತಾರೆ? ಧಾರವಾಡದ ಐದು ವರ್ಷ ನನ್ನ ಬೆರಳಿನಲ್ಲಿ ಕೂತಿತ್ತು. ಔಟಾಗದೆ ಕಣ್ಣೆದುರು ನಿಂತಿರುವವನ ಹೆಸರಿನ ಮುಂದೆ ಔಟಿನ ಗುರುತು ಹಾಕಲು ಕೈಯೇ ಬರಲಿಲ್ಲ. ಇದು ತಪ್ಪಿರಬಹುದು ಎಂದು ಒಂದು ಸಲವೂ ಅನ್ನಿಸಲಿಲ್ಲ, ಯಾಕೆಂದರೆ ಪುಟದ ಕೊನೆಯಲ್ಲಿ ಮೊತ್ತಗಳೆಲ್ಲ ತಾಳೆಯಾಗುತ್ತಿದ್ದವು.

ಆಗಸ್ಟ್ ಹೊತ್ತಿಗೆ ತಂಡ ಪಟ್ಟಿಯ ತಳದಲ್ಲಿತ್ತು. ಲೀಗಿನಲ್ಲಿ ಉಳಿಯುತ್ತೇವೋ ಕೆಳಗಿನ ದರ್ಜೆಗೆ ಬೀಳುತ್ತೇವೋ ಎಂಬುದು ಕೊನೆಯ ಒಂದು ಆಟಕ್ಕೆ ಬಂದು ನಿಂತಿತು. ಕೋಚ್ ನನ್ನ ಹತ್ತಿರ ಇಡೀ ಸೀಸನ್ನಿನ ಕೋಷ್ಟಕ ಕೇಳಿದ. ನಾನು ಬಣ್ಣ ಹಚ್ಚಿ ಕೊಟ್ಟೆ. ಪಿಚರ್‌ಗಳ ಪುಟದಲ್ಲಿ ಎಡಗೈಯವನಿಗೆ ವೈಲ್ಡ್ ಪಿಚ್ ಎಲ್ಲರಿಗಿಂತ ಹೆಚ್ಚು, ಸ್ಟ್ರೈಕ್‌ಔಟ್ ಸಾಧಾರಣ. ಬ್ಯಾಟರ್‌ಗಳ ಪುಟದಲ್ಲಿ ಸ್ಟ್ರೈಕ್‌ಔಟ್‌ಗಳೆಲ್ಲ ಕೆಂಪು. ಬ್ಯಾಟಿಗೆ ಚೆಂಡು ತಾಗಿಸಲೂ ಆಗದೆ ಔಟಾಗುವುದಕ್ಕಿಂತ ದೊಡ್ಡ ಅವಮಾನ ಇಲ್ಲ ಎಂದುಕೊಂಡಿದ್ದೆ. ಆ ಪುಟದಲ್ಲಿ ಎಲ್ಲರಿಗಿಂತ ಕೆಂಪಾಗಿದ್ದವನು ನಮ್ಮ ಎರಡನೇ ಕ್ಯಾಚರ್, ಬಾಗಲಕೋಟೆಯ ಹುಡುಗ. ಕಾರು ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಊರಲ್ಲಿ ವಿಕೆಟ್ ಕೀಪರ್ ಆಗಿದ್ದವನನ್ನು ನಾನೇ ಕ್ಲಬ್ಬಿಗೆ ಎಳೆತಂದಿದ್ದೆ. ಸೀಸನ್ನಿನ ಹೆಚ್ಚು ಕಾಲ ಬೆಂಚಿನ ಮೇಲೆ ಕೂತಿದ್ದ, ಆಗೊಮ್ಮೆ ಈಗೊಮ್ಮೆ ಬ್ಯಾಟು ಹಿಡಿದಿದ್ದ.

ಕೋಷ್ಟಕ ನೋಡಿ ಕೋಚ್ ಕೊನೆಯ ಆಟಕ್ಕೆ ವೇಗದ ಬಲಗೈ ಪಿಚರ್‌ನನ್ನು ಆರಿಸಿದ. ಎಡಗೈಯವನು ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದ, ವಾಪಸ್ ಕೊಟ್ಟ. "ನಿನ್ನ ಹಾಳೆ ಹಾಗೆ ಹೇಳಿದರೆ ಸರಿ," ಎಂದಷ್ಟೇ ಹೇಳಿ ಬ್ಯಾಗ್ ಹೆಗಲಿಗೇರಿಸಿದ. ಆಗ ನನಗೆ ಒಳಗೊಳಗೇ ಹೆಮ್ಮೆ ಅನ್ನಿಸಿತ್ತು. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಬೇರೆ ಊರಿನ ಆಟಗಳಿಗೆ ನಾನು ಹೋಗುವುದಿಲ್ಲ, ಅಲ್ಲಿ ಆ ಊರಿನವರೇ ಬರೆಯುತ್ತಾರೆ. ಕೊನೆಯ ಆಟಕ್ಕೆ ಎರಡು ವಾರ ಮೊದಲಿನ ಶನಿವಾರ ಮಾತ್ರ, ಯಾರದೋ ಕಾರು ಕೆಟ್ಟಿದ್ದರಿಂದ, ನಾಲ್ವರು ಆಟಗಾರರನ್ನು ಕೂರಿಸಿಕೊಂಡು ನಾನೇ ಹೋದೆ. ಹೋದವಳು ಸುಮ್ಮನೆ ಕೂರಲಾರದೆ ಅವರ ಸ್ಕೋರರ್ ಪಕ್ಕದಲ್ಲಿ ನನ್ನದೂ ಒಂದು ಹಾಳೆ ತೆರೆದೆ. ಆತ ನಿವೃತ್ತ ಅಂಚೆ ನೌಕರ. ಒಂದು ಪೆನ್ಸಿಲ್, ಒಂದು ಥರ್ಮಾಸ್, ಮೊಣಕಾಲಿಗೆ ಕಂಬಳಿ. ನಾವು ಸೋಲುತ್ತಿದ್ದ ಆ ಆಟದಲ್ಲಿ ಎಡಗೈಯವನಿಗೆ ಕೊನೆಗೆ ಒಂದೇ ಒಂದು ಇನಿಂಗ್ಸ್ ಸಿಕ್ಕಿತು. ಆಟ ಮುಗಿದ ಮೇಲೆ ಇಬ್ಬರೂ ಹಾಳೆ ಹೋಲಿಸಿ ನೋಡಿದೆವು. ಆ ಇನಿಂಗ್ಸಿನಲ್ಲಿ ಆತನ ಹಾಳೆಯಲ್ಲಿ ನಾಲ್ಕು ಸ್ಟ್ರೈಕ್‌ಔಟ್, ನನ್ನದರಲ್ಲಿ ಮೂರು.

"ನಿಮ್ಮದು ತಪ್ಪಿದೆ," ಎಂದೆ. ತಪಾಸಣೆಯವಳ ಧ್ವನಿ ತಾನಾಗಿಯೇ ಬಂತು. "ಒಂದು ಇನಿಂಗ್ಸಿಗೆ ಇರುವುದೇ ಮೂರು ಔಟ್."

"ಔಟ್ ಮೂರೇ. ಸ್ಟ್ರೈಕ್‌ಔಟ್ ನಾಲ್ಕು," ಎಂದ ಮುದುಕ. "ಎರಡನೆಯವನು ಬೀಸಿ ತಪ್ಪಿದ, ನಿಮ್ಮ ಕ್ಯಾಚರ್ ಬಿಟ್ಟ, ಅವನು ಓಡಿದ. ಪಿಚರ್ ತನ್ನ ಕೆಲಸ ಮುಗಿಸಿದ್ದನಲ್ಲ? ಮೂರು ಸ್ಟ್ರೈಕ್ ಹಾಕಿದ್ದನಲ್ಲ? ಅದು ಅವನದು. ಆಮೇಲೆ ನಡೆದದ್ದನ್ನು ಪಕ್ಕದಲ್ಲಿ ಬೇರೆ ಬರೆಯಬೇಕು."

ನಾನು ನಿಯಮದ ಪುಸ್ತಕ ತೆರೆದೆ. ಆತ ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಂಡು ಕಾದ. ಆತ ಹೇಳಿದ್ದೇ ಸರಿಯಿತ್ತು. ಪರೀಕ್ಷೆಗೆ ಓದುವಾಗ ಆ ಸಾಲಿನ ಕೆಳಗೆ ನಾನೇ ಗೆರೆ ಎಳೆದಿದ್ದೆ.

ಮರುದಿನ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಸರಿಸಿ, ನಮ್ಮ ಮೈದಾನದಲ್ಲಿ ನಡೆದ ಅಷ್ಟೂ ಆಟಗಳ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಒಂದು ಪುಣ್ಯವೆಂದರೆ, ನಾನು ಪ್ರತಿ ಎಸೆತಕ್ಕೂ ಚಿಕ್ಕ ಗೀಟು ಹಾಕುವವಳು. ಯಾವ ಚೌಕದಲ್ಲಿ ಸ್ಟ್ರೈಕಿನ ಮೂರು ಗೀಟೂ ಇದ್ದು, ಮೊದಲ ಬೇಸಿನ ಹತ್ತಿರ ವೈಲ್ಡ್ ಪಿಚ್ ಎಂದಿದೆಯೋ ಅದು ನಾನು ತಿಂದ ಸ್ಟ್ರೈಕ್‌ಔಟ್. ಎಡಗೈಯವನ ಹೆಸರಿನಲ್ಲಿ ಹತ್ತೊಂಬತ್ತು ಸಿಕ್ಕವು. ಬಲಗೈಯವನದು ಒಂದು. ಹೊರಗಿನ ಆಟಗಳ ಪ್ರತಿಗಳಲ್ಲಿ ಎಡಗೈಯವನ ಸಂಖ್ಯೆ ಯಾವಾಗಲೂ ಹೆಚ್ಚಿರುತ್ತಿತ್ತು. ಆ ಊರಿನ ಬ್ಯಾಟರ್‌ಗಳು ಸಪ್ಪೆ ಇರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ.

ಹತ್ತೊಂಬತ್ತನ್ನೂ ಸೇರಿಸಿ ನೋಡಿದರೆ ಸ್ಟ್ರೈಕ್‌ಔಟ್‌ಗಳಲ್ಲಿ ಎಡಗೈಯವನೇ ತಂಡದ ಮೊದಲಿಗ. ನಮ್ಮಂಥ ತಂಡಕ್ಕೆ ಇದು ಸಣ್ಣ ವಿಷಯವಲ್ಲ. ಬ್ಯಾಟಿಗೆ ತಾಗಿದ ಚೆಂಡನ್ನು ಯಾರಾದರೂ ಹಿಡಿಯಬೇಕು, ಹಿಡಿದವನು ಸರಿಯಾಗಿ ಎಸೆಯಬೇಕು, ಅದನ್ನು ಇನ್ನೊಬ್ಬ ಹಿಡಿಯಬೇಕು. ನಮ್ಮ ಫೀಲ್ಡರ್‌ಗಳು ಮೂರರಲ್ಲಿ ಒಂದನ್ನಾದರೂ ಕೆಡಿಸುತ್ತಿದ್ದರು. ಸ್ಟ್ರೈಕ್‌ಔಟ್‌ಗೆ ಫೀಲ್ಡರ್‌ಗಳೇ ಬೇಡ. ಬೇಕಾದವನು ಒಬ್ಬನೇ, ಕ್ಯಾಚರ್. ನಮ್ಮ ಗೋಳು ಅಲ್ಲೇ ಇತ್ತು.

ನನ್ನ ಮೇಲಿನ ಅದೇ ಸಿಟ್ಟಿನಲ್ಲಿ ಬ್ಯಾಟರ್‌ಗಳ ಕೆಂಪು ಪುಟವನ್ನೂ ಎಳೆದುಕೊಂಡೆ. ಪ್ರತಿ ಔಟಿನ ನಂತರ ತಂಡಕ್ಕೆ ಏನಾಯಿತು ಎಂದು ಗುರುತು ಹಾಕುತ್ತ ಹೋದೆ. ನಮ್ಮ ಮೊದಲ ಕ್ಯಾಚರ್ ಸ್ಟ್ರೈಕ್‌ಔಟ್ ಆಗುವುದು ಅಪರೂಪ. ಚೆಂಡಿಗೆ ಬ್ಯಾಟು ತಾಗಿಸಿಯೇ ತಾಗಿಸುತ್ತಾನೆ, ಅದು ನೆಲದಲ್ಲಿ ಉರುಳಿ ನೇರ ಫೀಲ್ಡರ್ ಕೈಗೆ ಹೋಗುತ್ತದೆ, ಅವನ ಜೊತೆ ಬೇಸಿನಲ್ಲಿದ್ದವನೂ ಔಟಾಗುತ್ತಾನೆ. ಬಾಗಲಕೋಟೆಯವನು ಎರಡು ಸಲದಲ್ಲಿ ಒಂದು ಸಲ ಗಾಳಿಗೆ ಬೀಸಿ ಹೋಗುತ್ತಾನೆ, ಆದರೆ ಒಬ್ಬನೇ ಹೋಗುತ್ತಾನೆ. ಪೂರ್ತಿ ಕೂಡಿದಾಗ ಮೊದಲ ಕ್ಯಾಚರೇ ಮೇಲು. ಆದರೆ ನನ್ನ ಕೆಂಪು ಶಾಯಿ ತೋರಿಸಿದಷ್ಟು ಅಲ್ಲ, ಕೂದಲೆಳೆಯಷ್ಟು. ಪಿಚರ್‌ಗೆ ಬಂಗಾರವಾದ ಸ್ಟ್ರೈಕ್‌ಔಟ್ ಬ್ಯಾಟರ್‌ಗೂ ಅಷ್ಟೇ ದೊಡ್ಡ ನಷ್ಟ ಆಗಿರಬೇಕು ಎಂದು ನಾನು ಊಹಿಸಿದ್ದೇ ತಪ್ಪು. ಬ್ಯಾಟರ್‌ಗೆ ಅದು ಉಳಿದ ಔಟುಗಳ ಹಾಗೆ ಒಂದು ಔಟು, ಅಷ್ಟೇ.

ಸೋಮವಾರ ಕೆಲಸ ಮುಗಿಸಿ ಎಡಗೈಯವನ ಬಸ್ ಹತ್ತಿದೆ. ಚಾಲಕನ ಜೊತೆ ಮಾತಾಡಬಾರದು ಎಂದು ಬೋರ್ಡ್ ಇತ್ತು. ಕೊನೆಯ ನಿಲ್ದಾಣದವರೆಗೂ ಬಾಯಿ ಮುಚ್ಚಿ ಕೂತೆ. ಅಲ್ಲಿ ಅವನಿಗೆ ಏಳು ನಿಮಿಷದ ವಿರಾಮ. ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಿದ್ದವನ ಎದುರು ನಿಂತು, ಒಂದೇ ಉಸಿರಿನಲ್ಲಿ ಎಲ್ಲ ಹೇಳಿ ಕ್ಷಮೆ ಕೇಳಿದೆ.

ಅವನು ಅಗಿಯುತ್ತ ಕೇಳಿಸಿಕೊಂಡ. "ಎಷ್ಟು?"

"ಹತ್ತೊಂಬತ್ತು."

"ನಾನು ಎಣಿಸಿದ್ದು ಇಪ್ಪತ್ತು."

"ಗೊತ್ತಿತ್ತಾ? ಮತ್ತೆ ಯಾಕೆ ಹೇಳಲಿಲ್ಲ?"

"ಸ್ಕೋರರ್ ನೀನು," ಎಂದ. "ನನ್ನದನ್ನು ನಾನೇ ಹೋಗಿ ಕೇಳುವುದು ಚೆನ್ನಾಗಿರುವುದಿಲ್ಲ." ಪೊಟ್ಟಣ ಮಡಚಿ ಬಸ್ ಶುರು ಮಾಡಿದ. ವಾಪಸ್ ಬರುವಾಗ ನಾನು ಅತ್ತುಬಿಟ್ಟೆ. ಹಿಂದಿನ ಸೀಟು, ಯಾರೂ ನೋಡಲಿಲ್ಲ.

ಕೋಚ್‌ಗೆ ಮಂಗಳವಾರದ ಅಭ್ಯಾಸದಲ್ಲಿ ಹೇಳಿದೆ. ಅವನಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಒಂದಿಷ್ಟು ಕೂಗಾಡಿ, ಆಮೇಲೆ ಸರಿಯಾದ ಪ್ರಶ್ನೆಯನ್ನೇ ಕೇಳಿದ: "ಕೆ ಅಂತ ಬರೆದರೆ ಏನಾಯಿತು? ಬ್ಯಾಟರ್ ಬೇಸಿನ ಮೇಲೆಯೇ ಇದ್ದಾನಲ್ಲ?"

"ಚೆಂಡು ತಡೆಯುವ ಕ್ಯಾಚರ್ ಬೇಕು," ಎಂದೆ. "ಎರಡನೆಯವನನ್ನು ಆ ಜಾಗದಲ್ಲಿ ಕೂರಿಸು. ಮೊದಲನೆಯವನನ್ನು ಮೊದಲ ಬೇಸಿಗೆ ಹಾಕು, ಅವನ ಬ್ಯಾಟು ಹಾಗೇ ಉಳಿಯುತ್ತದೆ."

"ಎರಡನೆಯವನು ಬ್ಯಾಟು ಹಿಡಿದರೆ ಬರೀ ಸ್ಟ್ರೈಕ್‌ಔಟ್. ಆ ಕೆಂಪು ಹಚ್ಚಿದವಳು ನೀನೇ." ಕೋಚ್ ಕಣ್ಣು ಕಿರಿದು ಮಾಡಿದ. "ಅವನು ನಿಮ್ಮ ಕಡೆಯವನಲ್ಲವಾ?"

ಮಾತು ನಾಟಿತು. ಧಾರವಾಡವೇ ಬೇರೆ, ಬಾಗಲಕೋಟೆಯೇ ಬೇರೆ ಎಂದು ಜಗಳ ಆಡುವ ಹೊತ್ತಲ್ಲ. "ಹೌದು, ನಮ್ಮ ಕಡೆಯವನೇ," ಎಂದೆ. "ಅದಕ್ಕೇ ನಾನು ಎಣಿಸುವುದಿಲ್ಲ. ನೀನೇ ಎಣಿಸು."

ಗುರುವಾರ ಪರೀಕ್ಷೆ ಇಟ್ಟೆವು. ಕ್ಯಾಚರ್ ಕೂರುವ ಜಾಗದ ಮುಂದೆ ಸುಣ್ಣದಿಂದ ಒಂದು ಅರ್ಧ ಚಂದ್ರ ಬರೆದೆ. ಎಡಗೈಯವನು ತನ್ನ ತಿರುವು ಎಸೆತವನ್ನು ಬೇಕೆಂದೇ ನೆಲಕ್ಕೆ ಹಾಕಬೇಕು. ಕೈಯಲ್ಲಿ ನಿಂತರೂ, ಮೈಗೆ ಬಡಿದು ಗೆರೆಯೊಳಗೆ ಬಿದ್ದರೂ ತಡೆದಂತೆ. ಇಬ್ಬರು ಕ್ಯಾಚರ್‌ಗಳಿಗೂ ಹತ್ತು ಹತ್ತರಂತೆ ಮೂವತ್ತು ಎಸೆತ. ಮೊದಲ ಕ್ಯಾಚರ್ ಹದಿನೇಳು ತಡೆದ. ಬಾಗಲಕೋಟೆಯವನು ಮೊದಲ ಹತ್ತರಲ್ಲಿ ತಡೆದದ್ದು ನಾಲ್ಕು. ಕೀಪರ್ ಬುದ್ಧಿ ಬಿಡದೆ, ಮೈ ಪಕ್ಕಕ್ಕೆ ಸರಿಸಿ ಕೈಯಲ್ಲಿ ನಾಜೂಕಾಗಿ ಹಿಡಿಯಲು ಹೋಗುತ್ತಿದ್ದ. ಕೋಚ್ ನನ್ನ ಕಡೆ ನೋಡಿದ. ನಾನು ಹುಡುಗನ ಹತ್ತಿರ ಹೋದೆ.

"ಯಾಕೋ, ಏನಾತು?"

"ಕೈಯಾಗ ಬರವಲ್ದ್ರಿ ಅಕ್ಕಾರ. ಪುಟ ಬಿದ್ದು ಎಲ್ಲೆಲ್ಲೋ ಹೊಂಟೈತಿ. ಬಾಳ ನಾಚಿಕಿ ಆಗಾಕತ್ತೈತ್ರಿ."

"ಹಿಡಿಲಿಕ್ಕೆ ಯಾಕ ಹೋಗ್ತೀ? ಹಿಡಿಬ್ಯಾಡ. ಮೊಣಕಾಲೂರಿ ಅಡ್ಡ ಬೀಳು. ಎದಿಗೆ ಬಡಿಲಿ, ಮುಂದ ಬೀಳ್ತದ. ಎದಿ ಮ್ಯಾಲೆ ಅಷ್ಟು ದಪ್ಪ ಕವಚ ಕಟ್ಟಿದ್ದು ಚಂದ ಕಾಣ್ಲಿ ಅಂತೇನು?"

"ಹಿಡೀದ ಕೀಪರ್ ಅಂದ್ರ ಊರಾಗ ನಗ್ತಾರ್ರಿ."

"ಊರಾಗ ಯಾರು ನೋಡ್ಲಿಕತ್ತಾರೋ ಇಲ್ಲೆ? ಬೀಳು."

ಎರಡನೇ ಹತ್ತರಲ್ಲಿ ಏಳು ತಡೆದ. ಮೂರನೆಯದರಲ್ಲಿ ಒಂಬತ್ತು. ಒಟ್ಟು ಇಪ್ಪತ್ತು, ಮೂರೇ ಹೆಚ್ಚು. "ಕೊನೆಯ ಹತ್ತನ್ನು ನೋಡು," ಎಂದು ನಾನು ಹೇಳಿದ್ದು ಹೌದು, ಆದರೆ ಬರೀ ಕೊನೆಯ ಹತ್ತನ್ನು ಹಿಡಿದುಕೊಂಡು ಯಾರಾದರೂ ನನ್ನ ಮೇಜಿಗೆ ಬಂದರೆ ನಾನೇ ವಾಪಸ್ ಕಳಿಸುತ್ತೇನೆ. ಕೋಚ್ ಕೂಡ ಒಪ್ಪಲಿಲ್ಲ. ಇಬ್ಬರಿಗೂ ಇನ್ನೂ ಹತ್ತು ಹಾಕಿಸಿದ. ಮೊದಲ ಕ್ಯಾಚರ್ ಆರು, ಬಾಗಲಕೋಟೆಯವನು ಮತ್ತೆ ಒಂಬತ್ತು. ಕೋಚ್ ಜೇಬಿನಿಂದ ಆಟಗಾರರ ಪಟ್ಟಿ ತೆಗೆದು, ನನ್ನ ಪೆನ್ನನ್ನೇ ಇಸಿದುಕೊಂಡು ಎರಡು ಹೆಸರು ಬದಲಿಸಿದ: ಪಿಚರ್ ಎಡಗೈಯವನು, ಕ್ಯಾಚರ್ ಬಾಗಲಕೋಟೆಯವನು. ಎಡಗೈಯವನು ಅಷ್ಟು ಹೊತ್ತು ಎಸೆದ ತೋಳಿಗೆ ಮಂಜುಗಡ್ಡೆ ಕಟ್ಟಿಕೊಳ್ಳುತ್ತಿದ್ದ. ಸುದ್ದಿ ಕೇಳಿ ತಲೆ ಆಡಿಸಿದ.

ಕೊನೆಯ ಆಟ ನಮ್ಮ ಮೈದಾನದಲ್ಲಿ, ಅದರ ಮುಂದಿನ ವಾರದ ಭಾನುವಾರ ಮಧ್ಯಾಹ್ನ. ಏಳು ಇನಿಂಗ್ಸಿನ ಆಟ, ನಾನು ಅಧಿಕೃತ ಸ್ಕೋರರ್. ಆರು ಇನಿಂಗ್ಸಿನವರೆಗೆ ಎಲ್ಲವೂ ನಾವು ಅಂದುಕೊಂಡಂತೆಯೇ ನಡೆಯಿತು. ಮೂರನೇ ಸ್ಟ್ರೈಕಿನ ಚೆಂಡು ಮೂರು ಸಲ ನೆಲಕ್ಕೆ ಬಿತ್ತು. ಮೂರು ಸಲವೂ ಹುಡುಗ ಅಡ್ಡ ಬಿದ್ದು, ಎದೆಗೆ ಬಡಿಸಿಕೊಂಡು, ಎತ್ತಿ ಮೊದಲ ಬೇಸಿಗೆ ಎಸೆದ. ಔಟ್. ನಾವು ಒಂದು ರನ್ ಮುಂದಿದ್ದೆವು.

ಏಳನೆಯದರಲ್ಲಿ ಎದುರಾಳಿಗಳ ಇಬ್ಬರು ಔಟಾಗಿದ್ದರು, ಎರಡನೇ ಮತ್ತು ಮೂರನೇ ಬೇಸಿನಲ್ಲಿ ಇಬ್ಬರು ನಿಂತಿದ್ದರು. ಇನ್ನೊಂದು ಔಟ್ ಸಿಕ್ಕಿದರೆ ನಾವು ಉಳಿದಂತೆ. ಎರಡು ಸ್ಟ್ರೈಕ್ ಆಯಿತು. ಎಡಗೈಯವನು ತನ್ನ ಎಸೆತ ಎಸೆದ, ಬ್ಯಾಟರ್ ಬೀಸಿದ, ತಪ್ಪಿದ. ಚೆಂಡು ನೆಲಕ್ಕೆ ಬಡಿದು ಹುಡುಗನ ಎದೆಗೆ ತಾಗಿ ಎರಡು ಹೆಜ್ಜೆ ಮುಂದೆ ಬಿತ್ತು. ಬ್ಯಾಟರ್ ಓಡಿದ. ಹುಡುಗ ಎತ್ತಿಕೊಂಡ, ಸಮಯ ಬೇಕಾದಷ್ಟಿತ್ತು, ಎಸೆದ. ಮೊದಲ ಬೇಸಿನಲ್ಲಿದ್ದ ಹಳೆಯ ಕ್ಯಾಚರ್ ಹಾರಿದ. ಚೆಂಡು ಅವನ ಕೈಗವಸಿನ ಒಂದು ಗೇಣು ಮೇಲೆ ಹೋಯಿತು. ಬೇಸಿನಲ್ಲಿದ್ದ ಇಬ್ಬರೂ ಮನೆ ಮುಟ್ಟಿದರು. ನಾವು ಒಂದು ರನ್ ಹಿಂದೆ ಬಿದ್ದೆವು.

ಪ್ರತಿ ಆಟದಲ್ಲೂ ಒಂದೆರಡು ಚೌಕಗಳನ್ನು ಸ್ಕೋರರ್ ತನ್ನ ವಿವೇಚನೆಯಿಂದ ತುಂಬಬೇಕಾಗುತ್ತದೆ. ವೈಲ್ಡ್ ಪಿಚ್ ಎಂದರೆ ತಪ್ಪು ಪಿಚರ್‌ನದಾಗುತ್ತದೆ. ಹಾರಿದವನು ಹಿಡಿಯಬಹುದಿತ್ತು ಎಂದರೆ ಹಳೆಯ ಕ್ಯಾಚರ್‌ನದಾಗುತ್ತದೆ. ಇಲ್ಲವಾದರೆ ಬೇಸಿಗೆ ಎಸೆದ ಹುಡುಗನದು. ನಾನು 'ಕೆ' ಬರೆದೆ. ಪಕ್ಕದಲ್ಲಿ ಎರರ್, ಕ್ಯಾಚರ್ ಎಂದು ಬರೆದೆ. ಕೋಚ್ ಸ್ಕೋರರ್ ಕೋಣೆಯ ಕಿಟಕಿಯ ಹತ್ತಿರ ಬಂದು ಇಣುಕಿದ, ಓದಿದ, ಬೆಂಚಿಗೆ ವಾಪಸ್ ಹೋದ. ಅವರ ಮುಂದಿನವನು ಔಟಾದ ಮೇಲೆ, ನಮ್ಮ ಕೊನೆಯ ಸರದಿಯಲ್ಲಿ ಮೂವರೂ ಸಾಲಾಗಿ ಔಟಾದರು. ಅವರಲ್ಲಿ ಬಾಗಲಕೋಟೆಯವನೂ ಒಬ್ಬ, ಸ್ಟ್ರೈಕ್‌ಔಟ್. ಅದನ್ನು ಉಳಿದ ಔಟುಗಳ ಹಾಗೆ ಕಪ್ಪು ಶಾಯಿಯಲ್ಲೇ ಬರೆದೆ. ನಾವು ಕೆಳಗಿನ ದರ್ಜೆಗೆ ಇಳಿದೆವು.

ಎಲ್ಲರೂ ಬ್ಯಾಗ್ ತುಂಬುತ್ತಿದ್ದಾಗ ಹುಡುಗ ನನ್ನ ಕಿಟಕಿಗೆ ಬಂದ. ಮುಖ ನೋಡಲಾಗುತ್ತಿರಲಿಲ್ಲ. "ಅಕ್ಕಾರ, ನನ್ನ ಹೆಸರಿಗೇ ಬರದೀರಲ್ರಿ?"

"ಹೌದಪಾ. ನಿನ್ನ ಹೆಸರಿಗೇ."

"ಬರೀಬೇಕ್ರಿ. ನಂದ ಐತಿ." ಕಣ್ಣು ಒರೆಸಿಕೊಂಡ.

ಅವನ ಹಿಂದೆ ಎಡಗೈಯವನು ಬಂದು ನಿಂತ. ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಏಳನೇ ಇನಿಂಗ್ಸಿನ ಆ ಚೌಕದ ಮೇಲೆ ಬೆರಳಿಟ್ಟ. "ಈಗ ಇಪ್ಪತ್ತು," ಎಂದ. ಆಮೇಲೆ ಹುಡುಗನ ಕಡೆ ತಿರುಗಿದ. "ತಡೆಯುವುದು ಬಂತು. ಎಸೆಯುವುದು ಇನ್ನೂ ಬಂದಿಲ್ಲ. ಮಂಗಳವಾರ ಆರಕ್ಕೆ ಬಾ, ನಾನಿರುತ್ತೇನೆ."

ಸೀಸನ್ ಮುಗಿದಿತ್ತು, ಮಂಗಳವಾರ ಯಾವ ಅಭ್ಯಾಸವೂ ಇರಲಿಲ್ಲ. ಇದು ಕೊನೆಯ ಸೀಸನ್ ಎಂದು ಅವನೇ ಹೇಳಿದ್ದನ್ನು ನಾನು ನೆನಪಿಸಲು ಹೋಗಲಿಲ್ಲ. ಮಂಗಳವಾರ ಆರಕ್ಕೆ ಹೋದೆ, ಒಂದು ಖಾಲಿ ಹಾಳೆ ತೆಗೆದುಕೊಂಡು.